ಟೂಲ್ ಆರಿಸುವ ಮುಂಚೆ

ಕೋಲಾರ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ. ಯುಐ ಡಿಸೈನ್ (ಆ್ಯಪ್, ವೆಬ್‌ಸೈಟ್‌ಗಳ ಸ್ಕ್ರೀನ್ ವಿನ್ಯಾಸ) ಕಲಿಯಲು ಮ್ಯಾಕ್‌ಬುಕ್ ಬೇಕೇಬೇಕು ಅಂತ ಅಪ್ಪನ ಹತ್ತಿರ ಹಟ ಹಿಡಿದಿದ್ದೀಯಂತೆ. ಸ್ವಲ್ಪ ತಡಿ. ಅದು ಸ್ಕೆಚ್ ಕಾಲದ ಮಾತು. 2010ರಲ್ಲಿ ಬಂದ ಆ ಸಾಫ್ಟ್‌ವೇರ್‌ನಲ್ಲಿ ಡಿಸೈನ್ ಮಾಡಲು ಇವತ್ತಿಗೂ ಮ್ಯಾಕ್ ಬೇಕು. ಈಗಿನ ಡಿಸೈನ್ ಟೂಲ್ ಫಿಗ್ಮಾ ಹಾಗಲ್ಲ, ಬ್ರೌಸರ್‌ನಲ್ಲೇ ನಡೆಯುತ್ತದೆ. ನಿನ್ನ ವಿಂಡೋಸ್ ಲ್ಯಾಪ್‌ಟಾಪ್ ಸಾಕು. ಕಂಪನಿಗಳಲ್ಲೂ ಜಾಸ್ತಿ ಕಾಣುವುದು ಫಿಗ್ಮಾನೇ, ಅದನ್ನೇ ಕಲಿ. ವಿದ್ಯಾರ್ಥಿಗಳಿಗೆ ಉಚಿತ ಪ್ಲಾನ್ ಕೂಡ ಇದೆ.

ಆದರೆ ಒಂದನ್ನೇ ನಂಬಿ ಕೂರಬೇಡ. ಡಿಟಿಪಿ ಮಾಡಿಕೊಂಡೇ ಬದುಕಿದವನು ನಾನು. ಆಗ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಗಳು ಇನ್ನೂ ಸಿ.ಡಿ.ಗಳಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಚಿತ್ರವಿಚಿತ್ರ ಗುರುತುಗಳು. ಡಿಸೈನ್ ಟೂಲ್‌ಗಳ ಕಥೆ ಬೇರೆ ಅಂದುಕೊಂಡೆಯಾ? ಎಲ್ಲರ ಬಾಯಲ್ಲೂ ಇದ್ದ ಇನ್‌ವಿಷನ್ 2024ರ ಕೊನೆಗೆ ಬಾಗಿಲು ಹಾಕಿತು. ಅಡೋಬಿ ತನ್ನ ಎಕ್ಸ್‌ಡಿಯನ್ನು ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿತು. ಅದೇ ಅಡೋಬಿ 2022ರಲ್ಲಿ 2,000 ಕೋಟಿ ಡಾಲರ್‌ಗೆ ಫಿಗ್ಮಾವನ್ನೇ ಕೊಳ್ಳಲು ಹೊರಟಿತ್ತು! ಯುರೋಪ್, ಬ್ರಿಟನ್‌ನ ನಿಯಂತ್ರಕರು ಒಪ್ಪುವ ಹಾಗೆ ಕಾಣದೆ 2023ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಅದಕ್ಕೇ ಹೇಳುವುದು, ಮುಗಿದ ಸ್ಕ್ರೀನ್‌ಗಳನ್ನು ಬೇರೆ ಟೂಲ್‌ಗಳಲ್ಲೂ ತೆರೆಯುವ ಎಸ್‌ವಿಜಿ, ಪಿಡಿಎಫ್ ಫೈಲ್ ಮಾಡಿ ನಿನ್ನ ಹತ್ತಿರವೂ ಇಟ್ಟುಕೋ. ಬಿಡುವಾದಾಗ ಪೆನ್‌ಪಾಟ್ ಅನ್ನೋ ಡಿಸೈನ್ ಟೂಲ್ ನೋಡು. ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ಮುಕ್ತ. ಬೇಕಿದ್ದರೆ ಕಾಲೇಜಿನ ಸರ್ವರ್‌ನಲ್ಲೇ ಹಾಕಿಕೊಳ್ಳಬಹುದು.

ಇನ್ನು ನಿನ್ನ ಟೊಮೆಟೊ ರೇಟ್ ಆ್ಯಪ್. ಕಳಿಸಿದ ಸ್ಕ್ರೀನ್ ಚೆನ್ನಾಗಿದೆ. ಆದರೆ ಎಲ್ಲಾ ಕಡೆ ಲೋರೆಮ್ ಇಪ್ಸಮ್ ಅನ್ನೋ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ಯಾಕೆ ತುಂಬಿದ್ದೀಯ? ನಮ್ಮ ಮಂಡಿಯಲ್ಲಿ ಅದನ್ನು ಯಾರು ಓದುತ್ತಾರೆ? ಅದನ್ನು ಕಿತ್ತು ಹಾಕಿ ‘ಇವತ್ತಿನ ಮಾರುಕಟ್ಟೆ ದರ, 15 ಕೆ.ಜಿ. ಬಾಕ್ಸ್‌ಗೆ’ ಅಂತ ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಬರೆ. ಇಂಗ್ಲಿಷಿಗೆ ಅಂತ ಅಳೆದಿಟ್ಟ ಜಾಗದಲ್ಲಿ ಅದು ಹಿಡಿಸುವುದಿಲ್ಲ. ಎರಡು ಸಾಲಾಯಿತು ಅಂದುಕೋ, ಅಂತರ ಕಮ್ಮಿ ಇದ್ದರೆ ‘ಟ್ಟೆ’ಯ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಇದು ಗೊತ್ತಾಗುವುದು ನಿಜವಾದ ಮಾತು ಹಾಕಿದಾಗಲೇ.

ಆ ತಿಳಿ ಬೂದು ಅಕ್ಷರ ನಿನ್ನ ರೂಮಿನಲ್ಲಿ ಕಾಣಬಹುದು, ಎಪಿಎಂಸಿ ಯಾರ್ಡಿನ ಬಿಸಿಲಲ್ಲಿ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಲಿ. ಅಳೆಯುವ ಪ್ಲಗಿನ್‌ಗಳು ಫಿಗ್ಮಾದಲ್ಲೇ ಸಿಗುತ್ತವೆ. ಬಟನ್ 48 ಡಿಪಿಗಿಂತ (ಡಿಪಿ ಅಂದರೆ ಆಂಡ್ರಾಯ್ಡ್‌ನ ಸ್ಕ್ರೀನ್ ಅಳತೆ) ಚಿಕ್ಕದು ಬೇಡ. ಒತ್ತುವವರ ಕೈಯಲ್ಲಿ ಮಣ್ಣಿರುತ್ತದೆ, ಅಲ್ವಾ?

ರಜೆಗೆ ಬಂದಾಗ ಹರಾಜಿನ ಹೊತ್ತಿಗೆ ಮಂಡಿಗೆ ಹೋಗೋಣ. ಯಾವುದಾದರೂ ಹಳೇ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ನ ಪ್ರೋಟೋಟೈಪ್ (ಒತ್ತಿ ನೋಡಬಹುದಾದ ಮಾದರಿ) ತೆರೆದುಕೊಂಡು ಬಾ. ಮಾಲು ತಂದ ರೈತರ ಕೈಗೇ ಕೊಡು. ಎಲ್ಲಿ ತಡವರಿಸುತ್ತಾರೆ ಅಂತ ನೋಡು. ‘ಇಲ್ಲಿ ಒತ್ತಿ’ ಅಂತ ಮಾತ್ರ ನೀನು ಬಾಯಿ ಬಿಡಬೇಡ.

ಇಂತಿ,
ನಿನ್ನ ದೊಡ್ಡಪ್ಪ