ಕತ್ತಲೆಕಾನಿನ ಬೀಜ ಒಣಗುವ ಮುನ್ನ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಸಚಿವರಿಗೆ,

ಗೌರವಪೂರ್ವಕ ವಂದನೆಗಳು.

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಉಳಿದಿರುವ ರಾಮಪತ್ರೆ ಜಡ್ಡಿಗಳ ಕುರಿತು ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನೀರು ಆರದ ಈ ಜೌಗು ನೆಲದಲ್ಲಿ ಮಂಡಿಯಂತೆ ಬಾಗಿ ಮೇಲೆದ್ದ ಬೇರುಗಳ ನಡುವೆ ರಾಮಪತ್ರೆಯಂಥ ಕಾಡು ಜಾಯಿಕಾಯಿ ಜಾತಿಯ ಮರಗಳೂ, 2000ನೇ ಇಸವಿಯಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ, ಗೇರಿನ ಕುಟುಂಬದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರವೂ ಬೆಳೆಯುತ್ತವೆ. ಇಂಥ ಜಡ್ಡಿಗಳಲ್ಲಿ ಹಲವು ಹಿಂದೆಯೇ ಗದ್ದೆ, ಅಡಿಕೆ ತೋಟಗಳಾಗಿವೆ. 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿನಿಂದ ಉಳಿದ ನೆಲಕ್ಕೆ ರಕ್ಷಣೆ ಸಿಕ್ಕಿರುವುದು ಸಮಾಧಾನದ ಸಂಗತಿ. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಈ ಮರಗಳ ಸಂತತಿ ಹೆಚ್ಚುವುದಿಲ್ಲ; ಬೀಜದಿಂದ ಸಸಿ ಎಬ್ಬಿಸಿ ನೆಡಲೂಬೇಕು.

ಪೈನ್ ಜಾತಿಯ ಬಹುತೇಕ ಬೀಜಗಳನ್ನು ಒಣಗಿಸಿ ತಣ್ಣಗಿಟ್ಟರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಜಡ್ಡಿಯ ಬೀಜಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ತೇವ ಕಳೆದುಕೊಂಡರೆ ಅವು ಸಾಯುತ್ತವೆ. ಒಣ ಜಾಯಿಕಾಯಿಯನ್ನು ಚಿಪ್ಪಿನ ಸಮೇತ ಕಿವಿಯ ಬಳಿ ಅಲ್ಲಾಡಿಸಿದರೆ ತಿರುಳು ಒಳಗೆ ಗಡಗಡ ಎನ್ನುತ್ತದೆ. ಹಾಗೆ ಸದ್ದು ಮಾಡುವ ಬೀಜ ಮೊಳೆಯುವುದಿಲ್ಲವೆಂಬುದು ಸಸಿ ಮಾಡುವವರಿಗೆಲ್ಲ ಗೊತ್ತು. ಆದ್ದರಿಂದ ಗೋದಾಮಿನಲ್ಲಿ ಸಂಗ್ರಹಿಸಿಟ್ಟು, ಅನುದಾನ ಬಿಡುಗಡೆಯಾದ ಮೇಲೆ ಬಿತ್ತುವ ಮಾಮೂಲಿ ಕ್ರಮ ಇಲ್ಲಿ ನಡೆಯದು. ಬೀಜವನ್ನು ಸುತ್ತಿಕೊಂಡ ಕೆಂಪು ಪತ್ರೆಯನ್ನು ಬಿಡಿಸಿ, ತೊಳೆದು, ಒಂದೆರಡು ದಿನದೊಳಗೆ ನೆರಳಿನ ಒದ್ದೆ ಮರಳಿನಲ್ಲಿ ಊರಬೇಕು. ಆ ಮರಳು ಮೊಳಕೆ ಬರುವವರೆಗೆ ಒಣಗಬಾರದು, ನೀರು ನಿಂತು ಕೊಳೆಯಲೂಬಾರದು.

ಹೀಗಾಗಿ ಸಸಿಮಡಿ ದೂರದ ಕೇಂದ್ರ ನರ್ಸರಿಯಲ್ಲಿರದೆ ಜಡ್ಡಿಯ ಪಕ್ಕದಲ್ಲೇ ಇರಬೇಕು ಮತ್ತು ಅದರ ಖರ್ಚಿನ ಹಣ, ಕಾಯಿ ಹಣ್ಣಾಗುವ ಕಾಲಕ್ಕೆ ಮುಂಚೆಯೇ ವಲಯ ಅರಣ್ಯಾಧಿಕಾರಿಗಳ ಕೈಯಲ್ಲಿರಬೇಕೆಂದು ಕೋರುತ್ತೇನೆ. ಪತ್ರೆ ಕೊಯ್ಯುವ ಊರವರಿಗಿಂತ ಚೆನ್ನಾಗಿ ಆ ಮರಗಳನ್ನು ಬಲ್ಲವರಿಲ್ಲ. ತಾನಾಗಿ ಬಿರಿದ ಹಣ್ಣಿನ ಹಸಿ ಬೀಜವನ್ನು ಅಂದೇ ತಂದುಕೊಟ್ಟವರಿಗೆ ನ್ಯಾಯವಾದ ಬೆಲೆ ಕೊಟ್ಟರೆ, ಬಲಿಯದ ಕಾಯಿ ಉದುರಿಸುವ ಆತುರವೂ ತಗ್ಗೀತು. ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳದೆ, ಮಂಗಟ್ಟೆಯಂಥ ಹಕ್ಕಿಗಳಿಗೂ ಕಾಡಿನ ಸಹಜ ಪುನರುತ್ಪತ್ತಿಗೂ ಸಾಕಷ್ಟು ಹಣ್ಣು ಬಿಡಬೇಕೆಂಬ ಷರತ್ತು ಅದರ ಜೊತೆಗಿರಲಿ.

ಇನ್ನೊಂದು ಮಾತು. ಕಾಡು ಜಾಯಿಕಾಯಿ ಜಾತಿಗಳಲ್ಲಿ ಗಂಡು ಮರ, ಹೆಣ್ಣು ಮರ ಸಾಮಾನ್ಯವಾಗಿ ಬೇರೆಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬಿಡಿಬಿಡಿಯಾಗಿ ನೆಟ್ಟ ಸಸಿ ಬದುಕಿದರೂ ಕಾಯಿ ಕಟ್ಟುವುದು ಖಾತ್ರಿಯಿಲ್ಲ. ಹಲವು ತಾಯಿಮರಗಳ ಬೀಜದಿಂದ ಎಬ್ಬಿಸಿದ ಸಸಿಗಳನ್ನು ಗುಂಪಾಗಿ ನೆಟ್ಟು, ಎಷ್ಟು ಬೀಜ ಊರಿದೆವು, ಎಷ್ಟು ಮೊಳೆತವು, ಮೂರನೆಯ ಮಳೆಗಾಲಕ್ಕೆ ಎಷ್ಟು ಉಳಿದವು ಎಂಬ ಲೆಕ್ಕವನ್ನು ಇಲಾಖೆ ಪ್ರತಿವರ್ಷ ಸಾರ್ವಜನಿಕರ ಮುಂದಿಡಲಿ. ನೆಟ್ಟ ಸಸಿಗಳ ಸಂಖ್ಯೆಯೊಂದನ್ನೇ ಸಾಧನೆಯೆಂದು ತೋರಿಸುವ ವರದಿಯಿಂದ ಈ ಮರಗಳಿಗೆ ಪ್ರಯೋಜನವಿಲ್ಲ.

ಶಿರಸಿಯ ಅರಣ್ಯ ಮಹಾವಿದ್ಯಾಲಯ ಹತ್ತಿರದಲ್ಲೇ ಇದೆ. ಅಲ್ಲಿನ ತಜ್ಞರನ್ನೂ ಊರಿನ ಪತ್ರೆ ಕೊಯ್ಲುಗಾರರನ್ನೂ ಒಂದೇ ಸಭೆಗೆ ಕರೆದು, ಮುಂದಿನ ಹಣ್ಣಿನ ಕಾಲಕ್ಕೆ ಮುನ್ನ ಈ ಕೆಲಸಕ್ಕೆ ಆದೇಶ ಹೊರಡಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ನಾಗರಿಕ