ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಮೇಡಂಗೆ

ಮೇಡಂ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ, ಜೋರು ಮಳೆ, ನಿಮ್ಮ ಕೈಯಲ್ಲಿ ನೀಲಿ ಛತ್ರಿ. ನನ್ನ ಪಕ್ಕದಲ್ಲಿ ತಂಗಿ, ಅಂಕಪಟ್ಟಿಯ ಪ್ಲಾಸ್ಟಿಕ್ ಕವರ್ ಎದೆಗೆ ಒತ್ತಿಕೊಂಡು ನಿಂತಿದ್ದಳು.

ಅವಳಿಗೆ ಬೌದ್ಧಿಕ ಅಂಗವೈಕಲ್ಯವಿದೆ. ಓದಿದ್ದು ನಿಧಾನವಾಗಿ ತಲೆಗೆ ಹತ್ತುತ್ತದೆ, ಹತ್ತಿದ್ದು ಇಳಿಯುವುದಿಲ್ಲ. ಎನ್‌ಐಓಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಂದೊಂದೇ ವಿಷಯ ಪಾಸು ಮಾಡಿ ಹನ್ನೆರಡನೇ ತರಗತಿ ಮುಗಿಸಿದ್ದಳು. ಕಾಲೇಜಿನ ಅಡ್ಮಿಷನ್ ಕೌಂಟರ್‌ನಲ್ಲಿ ಮಾತ್ರ ‘ಇಂಥವರಿಗೆ ಡಿಗ್ರಿ ಯಾಕಮ್ಮ, ವಯಸ್ಸೂ ಜಾಸ್ತಿ ಆಗಿದೆ’ ಎಂದು ಫಾರಂ ವಾಪಸ್ ಕೊಟ್ಟಿದ್ದರು.

ನೀವು ಸುಮ್ನೆ ಸಮಾಧಾನ ಹೇಳಿ ಹೋಗಬಹುದಿತ್ತು, ಅಲ್ವಾ? ಹಾಳಾದ ಜೆರಾಕ್ಸ್ ಹಾಳೆಯ ಹಿಂದೆ ಬರೆದುಕೊಟ್ಟಿರಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೆಕ್ಷನ್ 32. ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು, ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ. ‘ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ತೋರಿಸಿ. ಆಗಲ್ಲ ಅಂದರೆ, ಅದನ್ನೇ ಬರೆದು ಕೊಡಿ ಅನ್ನಿ’ ಎಂದಿರಿ. ಆ ಕೊನೆಯ ಮಾತೇ ಕೆಲಸ ಮಾಡಿತು. ಬರೆದು ಕೊಡಲು ಯಾರೂ ತಯಾರಿರಲಿಲ್ಲ.

ಆಮೇಲೆ ತಂಗಿಯನ್ನೇ ನೋಡಿ, ‘ಯಾವ ಸಬ್ಜೆಕ್ಟ್ ಇಷ್ಟ?’ ಎಂದಿರಿ. ಬೆಳಿಗ್ಗೆಯಿಂದ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಅವಳು ‘ಇತಿಹಾಸ’ ಎಂದಳು.

ಈಗ ಬಿ.ಎ. ಎರಡನೇ ಸೆಮಿಸ್ಟರ್. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತದೆ. ಪಾಠ ಸರಳ ಮಾಡಿ ಹೇಳುವವರು ಇನ್ನೂ ಇಲ್ಲ, ಅದು ನಮ್ಮ ಮುಂದಿನ ಜಗಳ. ನಿಮ್ಮ ಹಾಳೆ ಅವಳ ಫೈಲ್‌ನಲ್ಲೇ ಇದೆ. ಅಂಗಡಿಯವರನ್ನು ಕೇಳಿದೆ, ಅವರಿಗೂ ನೀವು ಯಾರೆಂದು ಗೊತ್ತಿಲ್ಲ. ತುಂಬಾ ಥ್ಯಾಂಕ್ಸ್, ಮೇಡಂ.