ಕೊಳವೆ ಎಣಿಸಬೇಡಿ, ಸದ್ದು ಅಳೆಯಿರಿ: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರಿಗೆ, ನಮಸ್ಕಾರ.

ಕಾರುಗಳ ಸೈಲೆನ್ಸರ್ ಕೆಲಸವನ್ನೇ ಕಸುಬು ಮಾಡಿಕೊಂಡಿರುವ ಗ್ಯಾರೇಜಿನವರ ಪತ್ರ ಇದು. ವಾಹನದ ಮಾರ್ಪಾಡು, ಸದ್ದು, ಸೈಲೆನ್ಸರ್ ಕುರಿತ ಮೋಟಾರು ವಾಹನ ಕಾಯಿದೆಯ ಕಲಂ 52, 182ಎ(4), 190(2), ಕೇಂದ್ರ ನಿಯಮ 120, ಇವನ್ನೆಲ್ಲ ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ತಕರಾರು ಒಂದೇ. ಕಾರಿನ ಹಿಂದೆ ಎರಡು ಹೊಗೆ ಕೊಳವೆ ಕಂಡದ್ದೇ ತಡ, ಸದ್ದು ಕೇಳುವ ಮೊದಲೇ ದಂಡ ಬೀಳುತ್ತಿದೆ. ಮೀಟರ್ ಇಟ್ಟು ಅಳೆಯಿರಿ, ಅಳೆದದ್ದನ್ನು ಬರೆದುಕೊಡಿ. ಇಷ್ಟನ್ನೇ ಕೇಳಿ ಕೇಳಿ ಸಾಕಾಗಿ ಈಗ ಎಲ್ಲರೆದುರಿಗೆ ಬರೆಯುತ್ತಿದ್ದೇವೆ.

ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋದ ಒಂದು ಟರ್ಬೊ ಪೆಟ್ರೋಲ್ ಕಾರಿನ ಪಾಡು ಕೇಳಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಕಂಪನಿಯದ್ದೇ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಎರಡೂ ಆಕ್ಸಿಜನ್ ಸೆನ್ಸರ್ ಅವುಗಳ ಜಾಗದಲ್ಲೇ, ಹೊಗೆ ತಪಾಸಣೆ ಪಾಸು. ಇನ್‌ಸ್ಪೆಕ್ಟರ್ ಸಾಹೇಬರು ಬಾನೆಟ್ ತೆಗೆಸಲಿಲ್ಲ, ಗಾಡಿ ಸ್ಟಾರ್ಟ್ ಕೂಡ ಮಾಡಿಸಲಿಲ್ಲ. ಹಿಂದೆ ಹೋಗಿ ನಿಂತು ಎಣಿಸಿದರು. "ಕಂಪನಿಯಿಂದ ಬಂದಾಗ ಒಂದೇ ಇತ್ತಲ್ವಾ? ಒಂದನ್ನ ಮುಚ್ಚಿಸ್ಕೊಂಡು ಬನ್ನಿ" ಅಂದರು. ಎಡಗಡೆಯ ಬಾಯಿಗೆ ತಗಡಿನ ಬಿಲ್ಲೆ ಇಟ್ಟು ವೆಲ್ಡ್ ಹೊಡೆಸಿದ್ದಾಯಿತು. ಗಾಡಿ ಪಾಸೂ ಆಯಿತು!

ಆ ಬಿಲ್ಲೆ ಏನು ಮಾಡಿತು ಅಂತ ಕೇಳಿ. ಎರಡು ಮಫ್ಲರ್‌ಗಳಲ್ಲಿ, ಅಂದರೆ ಸದ್ದು ಅಡಗಿಸುವ ಡಬ್ಬಿಗಳಲ್ಲಿ, ಹಂಚಿಹೋಗುತ್ತಿದ್ದ ಹೊಗೆಯೆಲ್ಲ ಒಂದೇ ಕಡೆ ನುಗ್ಗಿತು. ಆ ಭಾಗದಲ್ಲಿ ಹೊಗೆಯ ವೇಗ ಎರಡು ಪಟ್ಟು, ತಡೆಯ ಒತ್ತಡ ಸುಮಾರು ನಾಲ್ಕು ಪಟ್ಟು. ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಬಿಸಿಯೇರಿತು, ಬಲಗಡೆಯ ಸದ್ದು ಮೊದಲಿಗಿಂತ ಜೋರಾಯಿತು. ಮುಚ್ಚಿದ ಮಫ್ಲರ್‌ನಲ್ಲಿ ನೀರು ನಿಂತು ಒಳಗಿಂದೊಳಗೆ ತುಕ್ಕು ಹಿಡಿಯಿತು. ಸದ್ದು ಹೆಚ್ಚಿಸಿದ್ದಕ್ಕೆ ಸರ್ಕಾರದ ಮುದ್ರೆ! ಅದೇ ಅಂಗಳದಲ್ಲಿ ಷೋರೂಮಿನಿಂದಲೇ ಎರಡು ಬಾಯಿ ಹೊತ್ತು ಬಂದ ಹ್ಯುಂಡೈ ಐ20 ಎನ್ ಲೈನ್ ನಿಂತಿದ್ದರೆ ಯಾವುದನ್ನು ಮುಚ್ಚಿಸುತ್ತಿದ್ದರೋ ಸಾಹೇಬರು.

ಎರಡು ಕೊಳವೆ ಹಾಕುವುದೆಂದರೆ ಸೈಲೆನ್ಸರ್ ಕಿತ್ತೆಸೆಯುವುದಲ್ಲ. ನಮ್ಮಲ್ಲಿ ಬರುವವು ಬಹುಪಾಲು ನಾಲ್ಕು ಸಿಲಿಂಡರಿನ ಕಾರುಗಳು. ಅವುಗಳಲ್ಲಿ ಎಂಜಿನ್ನಿನ ಹೊಗೆ ಒಟ್ಟುಗೂಡಿಸುವ ಮ್ಯಾನಿಫೋಲ್ಡ್, ಕ್ಯಾಟ್, ಸೆನ್ಸರ್ ಯಾವುದನ್ನೂ ಮುಟ್ಟದೆ, ನಡುವೆ ಸದ್ದು ತಗ್ಗಿಸುವ ರೆಸೊನೇಟರ್ ದಾಟಿದ ಮೇಲೆ ವೈ ಆಕಾರದ ತುಂಡು ಕೂರಿಸಿ ದಾರಿ ಕವಲೊಡೆಸುತ್ತೇವೆ. ಮುಖ್ಯ ಕೊಳವೆ ಎರಡೂವರೆ ಇಂಚಿನದಾದರೆ ಕವಲುಗಳು ಒಂದೂಮುಕ್ಕಾಲು ಇಂಚಿನವು ಸಾಕು. ಎರಡರ ಬಾಯಿಯ ವಿಸ್ತೀರ್ಣ ಸೇರಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ. ಎರಡಕ್ಕೂ ಎರಡೂವರೆ ಇಂಚೇ ಬೇಕು ಅಂತ ಹಟ ಹಿಡಿಯುವ ಗಿರಾಕಿಗಳಿದ್ದಾರೆ. ಹಾಗೆ ಹಾಕಿದರೆ ಶಕ್ತಿಯೇನೂ ಹೆಚ್ಚುವುದಿಲ್ಲ. ಹೊಗೆ ನಿಧಾನಿಸಿ ತಣ್ಣಗಾಗುತ್ತದೆ, ಕ್ಯಾಬಿನ್ನಿನೊಳಗೆ ಗುಂಯ್ ಅನ್ನುವ ಸದ್ದು ತುಂಬುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಓಡುವಾಗ ಆ ಗುಂಯ್ 100 ಹರ್ಟ್ಜ್‌ನದು. ಅದನ್ನು ಕೊಲ್ಲಲು ಮೀಟರಿಗಿಂತ ತುಸು ಉದ್ದದ, ತುದಿ ಮುಚ್ಚಿದ ಪಕ್ಕದ ಕೊಳವೆ ಸೇರಿಸುತ್ತೇವೆ. ಸದ್ದು ಕಡಿಮೆ ಮಾಡುವ ಈ ಕೊಳವೆಯನ್ನೂ ಎಣಿಸಿದರೆ ಲೆಕ್ಕ ಮೂರಾಗುತ್ತದೆ, ಗಮನಿಸಿ.

ಕೆಲಸ ಕೆಡುವುದು ಬೇರೆ ಕಡೆ. 304 ಸ್ಟೇನ್‌ಲೆಸ್ ಕೊಳವೆ ಎರಡು ಮೀಟರ್ ಉದ್ದವಿದ್ದು 300 ಡಿಗ್ರಿ ಬಿಸಿ ಏರಿದರೆ ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೇ ಬಾಡಿಯಿಂದ 20-25 ಮಿಲಿಮೀಟರ್ ಜಾಗ ಬಿಡಬೇಕು, ರಬ್ಬರ್ ಹ್ಯಾಂಗರ್ ಮೇಲೇ ತೂಗಬೇಕು, ಮುಂದುಗಡೆ ಬಾಗುವ ಜೋಡಣೆ, ಅಂದರೆ ಫ್ಲೆಕ್ಸ್, ಇರಲೇಬೇಕು. ಫ್ಲೆಕ್ಸ್ ಇಲ್ಲದಿದ್ದರೆ ಎಂಜಿನ್ ಅಲುಗಿದಂತೆಲ್ಲ ಕೊಳವೆಗಳು ಕೂಡುವ ಫ್ಲೇಂಜಿನ ಬೆಸುಗೆ ಬಿರುಕು ಬಿಡುತ್ತದೆ. ಆ ಬಿರುಕು ಸೆನ್ಸರಿಗಿಂತ ಮುಂದಿದ್ದರೆ ಹೊರಗಿನ ಗಾಳಿ ಒಳಗೆ ಸೇರಿ, ಸೆನ್ಸರ್ ಪೆಟ್ರೋಲ್ ಸಾಲದು ಅಂತ ಸುಳ್ಳು ವರದಿ ಕೊಟ್ಟು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಸುರಿಯುತ್ತದೆ. ಹೊಸ ಕವಲು ಹೋಗುವ ಕಡೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಇರುತ್ತವೆ. ಅಲ್ಲಿ ಶಾಖ ತಡೆಯುವ ತಗಡು ಇಲ್ಲದ ಗಾಡಿಗೆ ಖಂಡಿತ ದಂಡ ಹಾಕಿ, ನಾವೇ ಬೆರಳು ಮಾಡಿ ತೋರಿಸುತ್ತೇವೆ. ಆದರೆ ಕಾರಿನಡಿ ಬಗ್ಗಿ ನೋಡಿದ ಅಧಿಕಾರಿಯನ್ನು ನಾವಿನ್ನೂ ಕಂಡಿಲ್ಲ.

ಇನ್ನು ಅಳತೆ. ಕಾರಿಗೆ 74 ಡೆಸಿಬಲ್ ಅನ್ನುತ್ತೀರಿ, ಸರಿ. ಅದು ಕಾರ್ಖಾನೆ ಹಂತದ ಮಿತಿ, ಓಡುತ್ತಿರುವ ಕಾರಿನಿಂದ ಏಳೂವರೆ ಮೀಟರ್ ದೂರದಲ್ಲಿ ಅಳೆಯುವಂಥದ್ದು. ನಿಮ್ಮವರು ಮೊಬೈಲನ್ನು ಕೊಳವೆಗೆ ಅರ್ಧ ಮೀಟರ್ ಹತ್ತಿರ ಹಿಡಿದು 74 ದಾಟಿತು ಅನ್ನುತ್ತಾರೆ. ಈ ದೂರದ ವ್ಯತ್ಯಾಸವೊಂದೇ ಸುಮಾರು 23 ಡೆಸಿಬಲ್ ಆಗುತ್ತದೆ ಸ್ವಾಮಿ! ಷೋರೂಮಿನಿಂದ ಇದೀಗ ಇಳಿದ ಕಾರೂ ಈ ಪರೀಕ್ಷೆಯಲ್ಲಿ ಫೇಲು.

ನಿಂತ ಗಾಡಿಯನ್ನು ಅಳೆಯುವ ಕ್ರಮ ಐಎಸ್‌ಒ 5130 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿದೆ. ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆ, ಬಾಯಿಯಷ್ಟೇ ಎತ್ತರಕ್ಕೆ ಮೈಕ್. ಸುತ್ತ ಮೂರು ಮೀಟರ್ ಒಳಗೆ ಗೋಡೆ ಇರಬಾರದು. ಸುತ್ತಲಿನ ಗದ್ದಲ ಅಳತೆಗಿಂತ 10 ಡೆಸಿಬಲ್ ಆದರೂ ಕೆಳಗಿರಬೇಕು. ಎರಡು ಬಾಯಿಗಳ ನಡುವೆ 30 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಎರಡನ್ನೂ ಬೇರೆ ಬೇರೆ ಅಳೆದು ಹೆಚ್ಚಿನದನ್ನು ಬರೆದುಕೊಳ್ಳಬೇಕು. ನೋಡಿ, ಎರಡು ಕೊಳವೆ ಇರುವ ಕಾರನ್ನು ಹೇಗೆ ಅಳೆಯಬೇಕು ಅಂತ ಜಗತ್ತು ಎಂದೋ ಬರೆದಿಟ್ಟಿದೆ. ನಾವು ಇನ್ನೂ ಒಂದು, ಎರಡು ಎಣಿಸುತ್ತಿದ್ದೇವೆ.

ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂಬ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪನ್ನು ನಮ್ಮ ಮುಖಕ್ಕೆ ಹಿಡಿಯುವವರಿಗೂ ಒಂದು ಮಾತು. ಆರ್‌ಸಿಯಲ್ಲಿ ಸಿಸಿ ಇದೆ, ಇಂಧನ ಇದೆ, ಬಣ್ಣ ಇದೆ, ಸೀಟು, ತೂಕ ಎಲ್ಲ ಇದೆ. ಕೊಳವೆಯ ಲೆಕ್ಕ ಯಾವ ಕಾಲಂನಲ್ಲಿದೆ, ತೋರಿಸಿ. ಇಲ್ಲ, ಇದೂ ಮಾರ್ಪಾಡೇ, ಅನುಮತಿ ಬೇಕು ಅನ್ನುವುದಾದರೆ ಅರ್ಜಿ ನಮೂನೆ ಕೊಡಿ, ಶುಲ್ಕ ಹೇಳಿ, ಕಟ್ಟುತ್ತೇವೆ. ಅರ್ಜಿಯೂ ಇಲ್ಲ, ಅಳತೆಯೂ ಇಲ್ಲ, ದಂಡ ಮಾತ್ರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ.

ಕ್ಯಾಟ್ ಕಿತ್ತು ಬರೀ ಕೊಳವೆ ಹಾಕಿಸಿಕೊಂಡವರನ್ನು, ರಾತ್ರಿ ಹನ್ನೊಂದಕ್ಕೆ ಪಟಾಕಿ ಹೊಡೆಸುವ ಹಾಗೆ ಇಸಿಯು ತಿದ್ದಿಸಿಕೊಂಡವರನ್ನು ಬಿಡಬೇಡಿ. ಅಂಥ ಗಾಡಿಗಳಲ್ಲಿ ಬಹಳಷ್ಟಕ್ಕೆ ಇರುವುದು ಒಂದೇ ಕೊಳವೆ, ಅದಕ್ಕೇ ನಿಮ್ಮವರ ಕಣ್ಣಿಗೆ ಬೀಳುವುದಿಲ್ಲ.

ಪ್ರತಿ ಆರ್‌ಟಿಒ ಕಚೇರಿಗೆ ಕ್ಯಾಲಿಬ್ರೇಷನ್ ಮಾಡಿಸಿದ ಒಂದು ಮೀಟರ್, ಗೋಡೆಯಿಂದ ದೂರದ ಒಂದು ಜಾಗ, ಅಳತೆ ಬರೆದು ಸಹಿ ಹಾಕಿದ ಒಂದು ಚೀಟಿ. ಆ ಚೀಟಿ ಇರುವ ಗಾಡಿಯನ್ನು ರಸ್ತೆಯಲ್ಲಿ ಮತ್ತೆ ತಡೆಯಬಾರದೆಂದು ಒಂದು ಸುತ್ತೋಲೆ. ಮೀಟರ್ ಕೊಳ್ಳಲು ಅನುದಾನ ಇಲ್ಲ ಅನ್ನುವುದಾದರೆ ಹೇಳಿ, ಗ್ಯಾರೇಜಿನವರೆಲ್ಲ ಸೇರಿ ದುಡ್ಡು ಹಾಕುತ್ತೇವೆ. ರಸೀದಿ ಮಾತ್ರ ಕೊಡಬೇಕು.

ಇಂತಿ,
ಸೈಲೆನ್ಸರ್ ಕೆಲಸದ ಗ್ಯಾರೇಜಿನವರು